ಎನ್‌ಹ್ಯಾನ್ಸ್‌ಮೆಂಟ್ ಸಿಗಲ್ವೇನೆ ಅಂತ ಮಾವ ಕೇಳಿದ್ರು

ಹೋದ ಭಾನುವಾರ ಸೋದರಮಾವ ಫೋನ್ ಮಾಡಿದ್ರು. ಮಾವ ತುಮಕೂರು ಕಡೆ ಕೋರ್ಟಲ್ಲಿ ಶಿರಸ್ತೇದಾರ್ ಆಗಿ ರಿಟೈರ್ ಆದವ್ರು, ಅದ್ರಲ್ಲೂ ಅರ್ಧ ಸರ್ವೀಸು ಎಂಎಸಿಟಿ (ವಾಹನ ಅಪಘಾತದ ಪರಿಹಾರ ತೀರ್ಮಾನ ಮಾಡೋ ಟ್ರಿಬ್ಯುನಲ್) ಫೈಲುಗಳ ಧೂಳಲ್ಲೇ ಕಳೆದವ್ರು, ಹಾಗಾಗಿ ಪ್ರಪಂಚದ ಯಾವ ಮೂಲೇಲಿ ಯಾರಿಗೆ ಪೆಟ್ಟಾದ್ರೂ ಅವ್ರ ತಲೆ ಮೊದಲು ಓಡೋದು ಮೋಟಾರ್ ಆಕ್ಸಿಡೆಂಟ್ ಕ್ಲೇಮ್ ಕಡೆಗೆ. ನಾನು ಇಲ್ಲಿ ಇಂಗ್ಲೆಂಡಲ್ಲಿ ಗುರುವಾರ ಗುರುವಾರ ಒಂದು ಅಡ್ವೈಸ್ ಸೆಂಟರಲ್ಲಿ ಕೂತು ಜನರಿಗೆ ಫಾರಂ ತುಂಬ್ಕೊಡ್ತೀನಿ, ದುಡ್ಡಿಗಲ್ಲ, ಮೈಸೂರಲ್ಲಿ ಓದಿದ ಲಾ ಪೂರ್ತಿ ತುಕ್ಕು ಹಿಡೀದೆ ಇರ್ಲಿ ಅಂತ. ಆ ವಾರ ಒಬ್ಬರು ಬಂದಿದ್ರು. ಪಬ್ ಹೊರಗೆ ಯಾರೋ ಗುರುತಿಲ್ದವ್ನು ಬಾಟಲಿ ಬೀಸಿ ಮುಖಕ್ಕೆ ಗಾಯ ಮಾಡಿದ್ದ, ಸರ್ಕಾರದ ಪರಿಹಾರಕ್ಕೆ ಅರ್ಜಿ ಹಾಕಿದ್ರು, ಟ್ರಿಬ್ಯುನಲ್ ತನಕ ಹೋಗಿ ಒಂದಷ್ಟು ಸಿಕ್ಕಿತ್ತು, ಅದು ಸಾಲ್ದು ಅಂತ ಅವ್ರ ದುಃಖ. ನಾನು "ಮೇಲೆ ಹೋಗೋದು ಕಷ್ಟ ಸರ್" ಅಂದು ಕಳಿಸಿದ್ದೆ. ಅದನ್ನ ಮಾವನ ಹತ್ರ ಹೇಳಿದ್ರೆ ಅವ್ರು, "ಯಾಕೆ ಕಷ್ಟ ಪುಟ್ಟಿ, ಒಂದು ಎಂಎಫ್‌ಎ ಹಾಕ್ಸು, ಎನ್‌ಹ್ಯಾನ್ಸ್‌ಮೆಂಟ್ ಸಿಗಲ್ವೇನೆ?" ಅಂದ್ರು. ಎಂಎಫ್‌ಎ ಅಂದ್ರೆ ಹೈಕೋರ್ಟಿಗೆ ಹಾಕೋ ಅಪೀಲು, ಎನ್‌ಹ್ಯಾನ್ಸ್‌ಮೆಂಟ್ ಅಂದ್ರೆ ಪರಿಹಾರದ ಮೊತ್ತ ಏರಿಸೋದು.

ಮಾವಂದು ತಪ್ಪಿಲ್ಲ. ನಮ್ಮೂರಲ್ಲಿ ಹಾಗೇ ಅಲ್ವಾ ನಡೆಯೋದು. ಆಕ್ಸಿಡೆಂಟ್ ಟ್ರಿಬ್ಯುನಲ್ 4 ಲಕ್ಷ ಅಂದ್ರೆ ಕಕ್ಷಿದಾರನ ಮುಖ ನೋಡ್ಕೊಂಡೇ ಲಾಯರ್ರು "ಸರ್ಟಿಫೈಡ್ ಕಾಪಿಗೆ ಹಾಕ್ಬಿಡಿ" ಅಂತಾರೆ, ಮೋಟಾರ್ ವಾಹನ ಕಾಯ್ದೆ 173ನೇ ಸೆಕ್ಷನ್ ಕೆಳಗೆ ಹೈಕೋರ್ಟಿಗೆ ಅಪೀಲು, ಅಲ್ಲಿ ಡಿಸೆಬಿಲಿಟಿ ಪರ್ಸೆಂಟೇಜ್ ಸ್ವಲ್ಪ ಏರಿಸಿ, ನೋಷನಲ್ ಇನ್‌ಕಂ (ಅಂದಾಜು ಆದಾಯ) ಸ್ವಲ್ಪ ಏರಿಸಿ, ನೋವು ಸಂಕಟಕ್ಕೆ ಅಂತ ಇನ್ನೊಂದಷ್ಟು ಸೇರಿಸಿ, ಬಡ್ಡಿ ಹಾಕಿ, ಹೊಸ ಮೊತ್ತ ಬರೆದು ಕಳಿಸ್ತಾರೆ. ಅಂದ್ರೆ ಹೈಕೋರ್ಟು ಅಲ್ಲಿ ಟ್ರಿಬ್ಯುನಲ್ ಕುರ್ಚಿಲೇ ಕೂತು ಲೆಕ್ಕ ಮತ್ತೆ ಮಾಡುತ್ತೆ. ಇಲ್ಲಿ ಅಪರಾಧಕ್ಕೆ ಬಲಿಯಾದವ್ರ ಪರಿಹಾರದಲ್ಲಿ ಆ ಕುರ್ಚಿಗೆ ಮೇಲಿನವ್ರು ಯಾರೂ ಬಂದು ಕೂರಲ್ಲ. ಇದನ್ನ ಮಾವನಿಗೆ ಅರ್ಥ ಮಾಡಿಸೋಕೆ ಒಂದು ಗಂಟೆ ಹಿಡೀತು, ಅದನ್ನೇ ಇಲ್ಲಿ ಬರೀತಾ ಇದೀನಿ.

ಮೊದಲು ವ್ಯವಸ್ಥೆ ಏನು ಅಂತ ಬೇಗ ಹೇಳ್ಬಿಡ್ತೀನಿ. ಬ್ರಿಟನ್ನಲ್ಲಿ 1964ರ ಆಗಸ್ಟ್ 1ರಿಂದ, ಹಿಂಸೆಯ ಅಪರಾಧದಲ್ಲಿ ಗಾಯ ಆದವ್ರಿಗೆ ಸರ್ಕಾರವೇ ದುಡ್ಡು ಕೊಡೋ ಸ್ಕೀಮ್ ಇದೆ, ಹೊಡೆದವ್ನು ಸಿಕ್ರೂ ಸಿಗ್ದಿದ್ರೂ. ಮೊದಲು ಒಂದು ಬೋರ್ಡ್ ಇತ್ತು, 1996ರಿಂದ ಗ್ಲಾಸ್ಗೋದಲ್ಲಿರೋ ಪ್ರಾಧಿಕಾರ ನೋಡ್ಕೊಳ್ಳುತ್ತೆ. ಈಗಿರೋ 2012ರ ಸ್ಕೀಮಲ್ಲಿ ಯಾವ ಗಾಯಕ್ಕೆ ಎಷ್ಟು ಅಂತ ಒಂದು ಪಟ್ಟಿ ಇದೆ, 1,000 ಪೌಂಡಿಂದ ಶುರುವಾಗಿ 2,50,000 ಪೌಂಡ್ ತನಕ, ದುಡಿಮೆ ನಷ್ಟ ಆರೈಕೆ ಖರ್ಚು ಎಲ್ಲಾ ಸೇರಿದ್ರೂ 5 ಲಕ್ಷ ಪೌಂಡ್ ದಾಟೋ ಹಾಗಿಲ್ಲ. ಪ್ರಾಧಿಕಾರ ಇಲ್ಲ ಅಂದ್ರೆ ಅಥವಾ ಕಮ್ಮಿ ಕೊಟ್ರೆ ಅವ್ರ ಹತ್ರಾನೇ ಮರುಪರಿಶೀಲನೆ ಕೇಳ್ಬೇಕು, ಅದಾದ್ಮೇಲೆ ಫಸ್ಟ್ ಟಿಯರ್ ಟ್ರಿಬ್ಯುನಲ್ಲಿಗೆ ಅಪೀಲು. ಇದು ನಿಜವಾದ ಅಪೀಲು, ಸಾಕ್ಷಿ ಎಲ್ಲಾ ಹೊಸದಾಗಿ ಕೇಳ್ತಾರೆ. ಇದ್ರ ಮೇಲೆ ಇರೋದು ಜುಡಿಷಿಯಲ್ ರಿವ್ಯೂ ಅಷ್ಟೇ, ಅಂದ್ರೆ ತೀರ್ಮಾನ ಕಾನೂನು ಪ್ರಕಾರ ಆಗಿದ್ಯಾ ಅಂತ ಮಾತ್ರ ನೋಡೋದು. ಬೇರೆ ಎಷ್ಟೋ ವಿಷಯಗಳಲ್ಲಿ ಫಸ್ಟ್ ಟಿಯರಿಂದ ಅಪ್ಪರ್ ಟ್ರಿಬ್ಯುನಲ್ಲಿಗೆ ಕಾನೂನಿನ ಪಾಯಿಂಟ್ ಮೇಲೆ ಅಪೀಲು ಹೋಗ್ಬಹುದು, ಪಿಂಚಣಿ ಬೆನಿಫಿಟ್ ಅಂತೆಲ್ಲ, ಆದ್ರೆ ಈ ಪರಿಹಾರದ ಕೇಸುಗಳನ್ನ 2007ರ ಟ್ರಿಬ್ಯುನಲ್ ಕಾಯ್ದೇಲಿ ಹೆಸರು ಹಿಡಿದು ಹೊರಗಿಟ್ಟಿದಾರೆ. ಹಾಗಾಗಿ ಅದೇ ಅಪ್ಪರ್ ಟ್ರಿಬ್ಯುನಲ್ಲಿಗೇ ಹೋಗ್ಬೇಕು, ಆದ್ರೆ ಅಪೀಲಾಗಿ ಅಲ್ಲ, ರಿವ್ಯೂ ಅಂತ, ಅದಕ್ಕೂ ಮೊದಲು ಪರ್ಮಿಷನ್ ತಗೊಂಡು. ನಮ್ಮ ಭಾಷೇಲಿ ಹೇಳೋದಾದ್ರೆ ಎಂಎಫ್‌ಎ ಇಲ್ಲ, ರಿಟ್ ಮಾತ್ರ.

ಬಾಟಲಿ ಏಟು ತಿಂದವ್ರಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ, ಟ್ರಿಬ್ಯುನಲ್ ಏನು ತಪ್ಪು ಮಾಡ್ತು ಅಂತ. ಅವ್ರು ಅಂದ್ರು, ಕಮ್ಮಿ ಕೊಡ್ತು. ಕಮ್ಮಿ ಅನ್ನೋದು ಕಾನೂನಿನ ತಪ್ಪಲ್ವಲ್ಲ. ಪಟ್ಟೀಲಿ ತಪ್ಪು ಸಾಲು ಓದಿದ್ರಾ, ಡಾಕ್ಟರ್ ರಿಪೋರ್ಟು ಫೈಲಲ್ಲಿದ್ರೂ ನೋಡ್ಲಿಲ್ವಾ, ನಿಮಗೆ ಮಾತಾಡೋಕೇ ಬಿಡ್ಲಿಲ್ವಾ, ಕಾರಣ ಕೇಳಿದ್ರೆ ಕಾರಣವೇ ಅಲ್ದೆ ಇರೋದು ಬರೆದ್ರಾ, ಇಂಥದ್ದು ಏನಾದ್ರೂ ಇದ್ರೆ ಮಾತ್ರ. ಅಂಥದ್ದು ಏನೂ ಇರ್ಲಿಲ್ಲ. (ಯಾರಿಗಾದ್ರೂ ಉಪಯೋಗಕ್ಕೆ ಬರುತ್ತೆ ಅಂತ ಹೇಳ್ತೀನಿ, ಟ್ರಿಬ್ಯುನಲ್ ಸೋಲಿಸಿದ್ರೆ ಮಾಡ್ಬೇಕಾದ ಮೊದಲ ಕೆಲಸ ಕಾರಣಗಳನ್ನ ಬರವಣಿಗೇಲಿ ಕೊಡಿ ಅಂತ ಟೈಮೊಳಗೆ ಕೇಳೋದು, ಅದು ಕೈಲಿಲ್ದೆ ಇದ್ರೆ ತಪ್ಪು ಎಲ್ಲಿ ಹುಡುಕ್ತೀರಾ. ಜನ ಅಳ್ತಾ ಕೂತು ಆ ಟೈಮನ್ನೇ ಕಳ್ಕೋತಾರೆ.)

ಈ ರಿವ್ಯೂ ಬಾಗಿಲು ಕೂಡ ಮೊದಲಿಂದ ಇದ್ದಿದ್ದಲ್ಲ. 1964ರಲ್ಲಿ ಸ್ಕೀಮ್ ಬಂದಾಗ ಅದಕ್ಕೆ ಕಾಯ್ದೆಯೇ ಇರ್ಲಿಲ್ಲ, ಸರ್ಕಾರ ದಯೆಯಿಂದ ಕೊಡೋ ದುಡ್ಡು ಅಂತ ಲೆಕ್ಕ. ದಯೆಯಿಂದ ಕೊಡೋದಾದ್ರೆ ಕೋರ್ಟಿಗೇನು ಕೆಲಸ ಅಲ್ಲಿ? ಆಗ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ಮುಖಕ್ಕೆ ಗುಂಡು ಬಿದ್ದು ಕಣ್ಣು ಹೋಗಿ, ಆಮೇಲೆ ಆತ ಆತ್ಮಹತ್ಯೆ ಮಾಡ್ಕೊಂಡ. ಹೆಂಡತಿ ಪರಿಹಾರ ಕೇಳಿ, ಬೋರ್ಡ್ ಹೇಳಿದ್ದು ಒಪ್ಪಿಗೆ ಆಗ್ದೆ ಹೈಕೋರ್ಟಿಗೆ ಹೋದ್ರು. 1967ರಲ್ಲಿ ಕೋರ್ಟ್ ಹೇಳ್ತು, ಕಾಯ್ದೆಯಿಂದ ಹುಟ್ಟಿರ್ಲಿ ರಾಜಾಧಿಕಾರದಿಂದ ಹುಟ್ಟಿರ್ಲಿ, ಸಾರ್ವಜನಿಕ ಕೆಲಸ ಮಾಡೋ ಬೋರ್ಡು ನಿಯಮ ಮೀರಿದ್ರೆ ನಾವು ನೋಡ್ತೀವಿ ಅಂತ. ಇಂಗ್ಲಿಷ್ ಆಡಳಿತ ಕಾನೂನಿನ ಯಾವ ಪುಸ್ತಕ ತೆಗೆದ್ರೂ ಈ ಕೇಸ್ ಇರುತ್ತೆ. ಆದ್ರೆ ಆ ಹೆಣ್ಣುಮಗಳಿಗೆ? ಬೋರ್ಡು ಕಾನೂನಿನ ತಪ್ಪು ಮಾಡಿಲ್ಲ ಅಂತ ಅರ್ಜಿ ವಜಾ. ಎಲ್ಲರಿಗೂ ಬಾಗಿಲು ತೆಗೆದುಕೊಟ್ಟವ್ರೇ ಬರಿಗೈಲಿ ಮನೆಗೆ ಹೋದ್ರು. ಲಾ ಕಾಲೇಜಲ್ಲಿ ಈ ಕೇಸನ್ನ ಒಂದು ಸಾಲಲ್ಲಿ ಬಾಯಿಪಾಠ ಮಾಡಿದ್ದೆ, ಆಕೆ ಸೋತ್ರು ಅನ್ನೋದು ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದು ಕೂತು ಪೂರ್ತಿ ಓದಿದ ಮೇಲೆ.

ಮಾವನಿಗೆ ನಾನು ಉದ್ದಕ್ಕೆ ಹೇಳಿದ್ದು ಮಾತ್ರ ಉಪ್ಪಿನ ಲಾರಿ ಕೇಸು. ಚಳಿಗಾಲದಲ್ಲಿ ಇಲ್ಲಿ ರಸ್ತೆ ಮೇಲೆ ಐಸ್ ಕಟ್ಟಬಾರ್ದು ಅಂತ ರಾತ್ರಿಯೆಲ್ಲಾ ಉಪ್ಪು ಚೆಲ್ಲೋ ಲಾರಿಗಳು ಓಡಾಡ್ತವೆ. 2005ರ ಜನವರೀಲಿ ಅಂಥ ಒಂದು ಲಾರಿ ಓಡಿಸ್ತಿದ್ದವ್ರ ಕಥೆ ಇದು. ಯಾರೋ ಒಬ್ಬ ಸಾಯ್ಬೇಕು ಅಂತಲೇ ದೊಡ್ಡ ರಸ್ತೆಗೆ ನುಗ್ಗಿ ಒಂದು ಭಾರಿ ಟ್ರಕ್ ಮುಂದೆ ಓಡಿದ, ಆ ಟ್ರಕ್ಕು ಬಂದು ಉಪ್ಪಿನ ಲಾರಿಗೆ ಗುದ್ದಿತು, ನುಗ್ಗಿದವ್ನು ಸತ್ತ, ಉಪ್ಪಿನ ಲಾರಿ ಡ್ರೈವರ್‌ಗೆ ಜೀವನ ಪೂರ್ತಿ ಬದಲಾಗೋ ಅಂಥ ಪೆಟ್ಟು. ಅವ್ರು ಪರಿಹಾರ ಕೇಳಿದ್ರು. ಸ್ಕೀಮಿನ ಪ್ರಕಾರ ಗಾಯ 'ಹಿಂಸೆಯ ಅಪರಾಧ'ದಿಂದ ಆಗಿರ್ಬೇಕು. ಸತ್ತವ್ನು ಮಾಡಿದ್ದು ಅಪರಾಧನಾ? ಜನರ ಮೈಮೇಲೆ ನಡೆಯೋ ಅಪರಾಧಗಳಿಗೆ ಅಂತ 1861ರ ಒಂದು ಕಾಯ್ದೆ ಇದೆ, ಅದರ 20ನೇ ಸೆಕ್ಷನ್ ಪ್ರಕಾರ ಇನ್ನೊಬ್ಬರಿಗೆ ಒಂದಿಷ್ಟಾದ್ರೂ ಪೆಟ್ಟಾಗ್ಬಹುದು ಅಂತ ಅವನ ತಲೆಗೆ ಹೊಳೆದಿರ್ಬೇಕು, ಹೊಳೆದ್ರೂ ಲೆಕ್ಕಿಸದೆ ಮಾಡಿರ್ಬೇಕು. ಅವನ ತಲೆಗೇ ಹೊಳೀಬೇಕು ನೋಡಿ, ನಮ್ಮ ನಿಮ್ಮ ತಲೆಗೆ ಹೊಳೆದ್ರೆ ಸಾಲ್ದು.

ಟ್ರಿಬ್ಯುನಲ್ ಏನಂತು ಅಂದ್ರೆ, ಸಾಯೋಕೆ ಹೊರಟವನ ಮನಸ್ಸಲ್ಲಿ ಬೇರೆಯವ್ರಿಗೆ ಪೆಟ್ಟಾಗುತ್ತೆ ಅನ್ನೋ ಯೋಚನೆ ಇತ್ತು ಅಂತ ನಮಗೆ ಮನವರಿಕೆ ಆಗಿಲ್ಲ, ಪರಿಹಾರ ಇಲ್ಲ. ಅಪ್ಪರ್ ಟ್ರಿಬ್ಯುನಲ್ಲಲ್ಲಿ ರಿವ್ಯೂ, ಅಲ್ಲೂ ಸೋಲು. ಕೋರ್ಟ್ ಆಫ್ ಅಪೀಲಲ್ಲಿ ಗೆದ್ರು, ಅಷ್ಟು ಗಾಡಿ ಓಡೋ ರಸ್ತೆಗೆ ನುಗ್ಗೋನಿಗೆ ಬೇರೆಯವ್ರಿಗೂ ಅಪಾಯ ಅಂತ ಗೊತ್ತಾಗ್ದೆ ಇರುತ್ತಾ ಅನ್ನೋ ಧಾಟೀಲಿ. ಓದ್ತಾ ಓದ್ತಾ ನಾನೂ ಅಬ್ಬಾ ಅಂದ್ಕೊಂಡೆ. 2013ರ ಏಪ್ರಿಲಲ್ಲಿ ಸುಪ್ರೀಂ ಕೋರ್ಟು ಅದನ್ನ ತಿರುಗಿಸ್ತು. ಲಾರ್ಡ್ ಹೋಪ್ ತೀರ್ಪಿನ ಸಾರ ಇಷ್ಟು: ಅವನ ಮನಸ್ಸಲ್ಲಿ ಏನಿತ್ತು ಅನ್ನೋದು ಸಂಗತಿಯ ಪ್ರಶ್ನೆ, ಅದನ್ನ ತೀರ್ಮಾನ ಮಾಡೋಕೆ ಅಂತಲೇ ಆ ವಿಷಯದಲ್ಲಿ ಪಳಗಿದ ಟ್ರಿಬ್ಯುನಲ್ ಇಟ್ಟಿದೆ, ಮೇಲಿನ ಕೋರ್ಟು ಟ್ರಿಬ್ಯುನಲ್ ಬರೆದ ಕಾರಣಗಳಲ್ಲಿ ಕೂದಲು ಸೀಳ್ಕೊಂಡು ಕೂತು, ಒಪ್ಪಿಗೆ ಆಗ್ದೆ ಇದ್ದಿದ್ದನ್ನೆಲ್ಲಾ ಕಾನೂನಿನ ತಪ್ಪು ಅಂತ ಕರೀಬಾರ್ದು. ಲಾರ್ಡ್ ಕಾರ್ನ್‌ವಾತ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾನೂನು ಯಾವುದು ಸಂಗತಿ ಯಾವುದು ಅನ್ನೋ ಗೆರೆಯೇ ಸ್ವಲ್ಪ ವ್ಯವಹಾರದ ಗೆರೆ, ಆ ಪ್ರಶ್ನೆಗೆ ಉತ್ತರ ಕೊಡೋಕೆ ಯಾರು ಸೂಕ್ತ ಅಂತ ನೋಡಿ ಎಳೆಯೋದು ಅಂತ ಬಿಚ್ಚಿ ಹೇಳಿದ್ರು. ಈ ಪ್ರಾಮಾಣಿಕತೆ ನನಗೆ ಇಷ್ಟ. ನಾವು ಕಾಲೇಜಲ್ಲಿ ಆ ಗೆರೆಯನ್ನ ದೇವರೇ ಎಳೆದಿದಾನೆ ಅನ್ನೋ ಹಾಗೆ ಕಲಿತ್ವಿ.

ಆದ್ರೆ ಇದ್ರಲ್ಲಿ ಹೊಟ್ಟೆ ಉರಿಯೋ ವಿಷಯ ಬೇರೆ ಇದೆ. ಇದಕ್ಕೂ ಮುಂಚೆ ಎಂಬತ್ತರ ದಶಕದಲ್ಲಿ ರೈಲು ಡ್ರೈವರ್‌ಗಳ ಕೇಸ್ ಬಂದಿತ್ತು, ಹಳಿ ಮೇಲೆ ಜನ ಹಾರಿ ಸಾಯೋದನ್ನ ಕಣ್ಣಾರೆ ನೋಡಿ ಮನಸ್ಸು ಕೆಟ್ಟು ಹೋದವ್ರು. ಕೋರ್ಟ್ ಆಫ್ ಅಪೀಲು ಅದು ಹಿಂಸೆಯ ಅಪರಾಧ ಅಲ್ಲ ಅಂತ ಅವ್ರನ್ನೂ ವಾಪಸ್ ಕಳಿಸ್ತು. ಆಮೇಲೆ ಸರ್ಕಾರವೇ ಸ್ಕೀಮ್ ತಿದ್ದಿ, ರೈಲು ಹಳಿಗೆ ಅತಿಕ್ರಮವಾಗಿ ಬರೋ ಅಪರಾಧದಿಂದ ಆದ ಹಾನಿಯನ್ನೂ ಸೇರಿಸ್ತು, 2001ರ ಸ್ಕೀಮಲ್ಲೂ ಅದು ಇತ್ತು. ಉಪ್ಪಿನ ಲಾರಿಯವ್ರ ಅರ್ಜಿ ಅದೇ 2001ರ ಸ್ಕೀಮ್ ಕೆಳಗೆ. ಅಂದ್ರೆ ಆತ ರಸ್ತೆ ಬದ್ಲು ರೈಲು ಹಳಿಗೆ ನುಗ್ಗಿ ಯಾರಿಗಾದ್ರೂ ಪೆಟ್ಟಾಗಿದ್ರೆ, ಅವನ ಮನಸ್ಸಲ್ಲಿ ಏನಿತ್ತು ಅಂತ ಇಷ್ಟೆಲ್ಲಾ ಅಗೆಯೋ ಪ್ರಮೇಯನೇ ಬರ್ತಿರ್ಲಿಲ್ಲ. ಹಳಿಗೆ ಒಂದು ಸಾಲು ಬರೆದ್ರು, ರಸ್ತೆಗೆ ಬರೀಲಿಲ್ಲ. ಅಪಘಾತ ಆದಾಗಿಂದ ಎಂಟು ವರ್ಷ ಎಳೆದಿದ್ದೆಲ್ಲ ಆ ಇಲ್ದೆ ಇರೋ ಒಂದು ಸಾಲಿಗೆ ಅಂತ ನನ್ನ ಲೆಕ್ಕ.

ಹಾಗಂತ ರಿವ್ಯೂ ಸುಮ್ನೆ ಹೆಸರಿಗೆ ಅಂತ ಅಲ್ಲ. 1999ರಲ್ಲಿ, ಆಗ ಇಲ್ಲಿನ ಎಲ್ಲಕ್ಕಿಂತ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದ ಒಂದು ಕೇಸಲ್ಲಿ, ಮನೆಗೆ ನುಗ್ಗಿದ ಕಳ್ಳರು ಅತ್ಯಾಚಾರ ಮಾಡಿದ್ರು ಅಂತ ಒಬ್ಬ ಹೆಣ್ಣುಮಗಳು ಹೇಳಿದ್ರು, ಬೋರ್ಡು ನಂಬ್ಲಿಲ್ಲ. ಪೊಲೀಸ್ ಡಾಕ್ಟರ್ ಕೆಲವೇ ದಿನದಲ್ಲಿ ಪರೀಕ್ಷೆ ಮಾಡಿ, ಕಂಡ ಗುರುತುಗಳು ಆಕೆ ಮಾತಿಗೆ ಹೊಂದುತ್ತೆ ಅಂತ ಬರೆದಿದ್ರು, ಆದ್ರೆ ಆ ರಿಪೋರ್ಟು ಬೋರ್ಡ್ ಮುಂದೆ ಬಂದೇ ಇರ್ಲಿಲ್ಲ. ಆಕೆಗೆ ಅದರಲ್ಲಿ ಏನಿದೆ ಅಂತ ಗೊತ್ತಿಲ್ಲ, ಪೊಲೀಸರು ತರಲಿಲ್ಲ, ಬೋರ್ಡು ಕೇಳಲಿಲ್ಲ. ಹೌಸ್ ಆಫ್ ಲಾರ್ಡ್ಸ್ ಯಾರ ಮೇಲೂ ಬೆರಳು ತೋರಿಸೋ ಗೋಜಿಗೆ ಹೋಗ್ದೆ, ಇಲ್ಲಿ ನ್ಯಾಯವಾದ ವಿಚಾರಣೆ ನಡೆದಿಲ್ಲ ಅಂತ ನಿರ್ಧಾರ ರದ್ದು ಮಾಡ್ತು. ಪರಿಹಾರ ಕೊಡಿ ಅನ್ನಲಿಲ್ಲ ಗಮನಿಸಿ, ಮತ್ತೆ ಸರಿಯಾಗಿ ಕೇಳಿ ಅಂತ. ಮಾವನ ಭಾಷೇಲಿ ರಿಮ್ಯಾಂಡು. "ಓ, ರಿಮ್ಯಾಂಡಾ, ಮತ್ತೆ ಐದು ವರ್ಷ" ಅಂದ್ರು ಮಾವ, ಅವ್ರ ದನೀಲಿ ಮೂವತ್ತು ವರ್ಷದ ಸರ್ವೀಸಿತ್ತು.

ನನಗೆ ಇವೆಲ್ಲಕ್ಕಿಂತ ಜಾಸ್ತಿ ಕಾಡಿದ್ದು 2018ರದ್ದು. ಹಳೇ ಸ್ಕೀಮಲ್ಲಿ ಒಂದು ನಿಯಮ ಇತ್ತು, ಒಂದೇ ಸೂರಿನ ನಿಯಮ ಅಂತಾರೆ. ಹೊಡೆದವ್ನೂ ಹೊಡೆಸಿಕೊಂಡವ್ರೂ ಒಂದೇ ಮನೇಲಿ ಒಂದೇ ಕುಟುಂಬವಾಗಿ ಇದ್ರೆ ಪರಿಹಾರ ಇಲ್ಲ. ಸಾಕ್ಷಿ ಸಿಗೋದು ಕಷ್ಟ, ಕೊಟ್ಟ ದುಡ್ಡು ಅದೇ ಮನೇಲಿರೋ ಆರೋಪಿ ಕೈಗೇ ಹೋಗ್ಬಹುದು ಅಂತೆಲ್ಲ ನೆಪ. 1979ರ ಅಕ್ಟೋಬರಲ್ಲಿ ಅದನ್ನ ಸಡಿಲ ಮಾಡಿದ್ರು, ಆದ್ರೆ ಅಲ್ಲಿಂದ ಮುಂದಕ್ಕೆ ಮಾತ್ರ. 1964ರಿಂದ 1979ರ ನಡುವೆ ಮನೆಯೊಳಗೇ ನರಕ ಕಂಡ ಮಕ್ಕಳಿಗೆ ಅದು ಹಾಗೇ ಉಳೀತು. ಜೆಟಿ ಅನ್ನೋ ಅಕ್ಷರಗಳಲ್ಲಷ್ಟೇ ಗೊತ್ತಿರೋ ಒಬ್ಬ ಹೆಣ್ಣುಮಗಳು ಆ ಕಾಲದಲ್ಲಿ ವರ್ಷಗಟ್ಟಲೆ ಮಲತಂದೆಯಿಂದ ಲೈಂಗಿಕ ದೌರ್ಜನ್ಯ ಅನುಭವಿಸಿದವ್ರು. ದಶಕಗಳಾದ್ಮೇಲೆ ಕೇಸ್ ನಡೆದು ಅವನಿಗೆ ಶಿಕ್ಷೆನೂ ಆಯ್ತು. ಅದೇ ಮನುಷ್ಯನಿಂದ ತೊಂದರೆ ಆದ ಇನ್ನೊಬ್ಬ ಸಂಬಂಧಿ ಹುಡುಗಿಗೆ ಪರಿಹಾರ ಸಿಕ್ತು, ಯಾಕಂದ್ರೆ ಅವಳು ಬೇರೆ ಮನೇಲಿದ್ಲು. ಇವ್ರಿಗೆ ಇಲ್ಲ. ಐದು ವರ್ಷದ ಮಗು ತಾನು ಯಾವ ಸೂರಿನ ಕೆಳಗೆ ಮಲಗ್ಬೇಕು ಅಂತ ತೀರ್ಮಾನ ಮಾಡುತ್ತೇನ್ರೀ?

ಇಲ್ಲಿ ಟ್ರಿಬ್ಯುನಲ್ಲಿಂದು ಏನೂ ತಪ್ಪಿಲ್ಲ. ನಿಯಮ ಹಾಗಿದೆ, ಅವ್ರು ಹಾಗೇ ಓದಿದ್ರು. ಉಪ್ಪಿನ ಲಾರಿ ಕೇಸಿನ ದಾರೀಲಿ ಹೋಗಿದ್ರೆ ಇದೂ ಅಲ್ಲಿಗೇ ಮುಗೀಬೇಕಿತ್ತು. ಆದ್ರೆ ಅವ್ರ ವಕೀಲರು ಟ್ರಿಬ್ಯುನಲ್ ಬಿಟ್ಟು ನಿಯಮದ ಕುತ್ತಿಗೆಗೇ ಕೈ ಹಾಕಿದ್ರು, ಮಾನವ ಹಕ್ಕುಗಳ ಒಪ್ಪಂದದ ತಾರತಮ್ಯದ ವಿಧಿ ಹಿಡ್ಕೊಂಡು. ಜುಲೈ 2018ರಲ್ಲಿ ಕೋರ್ಟ್ ಆಫ್ ಅಪೀಲು ಆ ನಿಯಮ ಅನ್ಯಾಯದ ತಾರತಮ್ಯ, ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಡ್ತು. ಸರ್ಕಾರ ಅದನ್ನ ಒಪ್ಕೊಂಡು 2019ರ ಜೂನ್ 13ಕ್ಕೆ ಸ್ಕೀಮ್ ತಿದ್ದಿ, ಹಿಂದೆ ಈ ನಿಯಮದಿಂದ ತಿರಸ್ಕಾರ ಆದವ್ರೂ ಹೊಸದಾಗಿ ಅರ್ಜಿ ಹಾಕೋಕೆ ಎರಡು ವರ್ಷ ಅವಕಾಶ ಕೊಡ್ತು. ಒಬ್ಬರ ಕೇಸು, ಆದ್ರೆ ಬಾಗಿಲು ತೆಗೆದಿದ್ದು ಅದೇ ಥರ ಸುಮ್ನೆ ಕೂತಿದ್ದ ಎಷ್ಟೋ ಅಜ್ಜಿ ತಾತಂದ್ರಿಗೆ. ಈ ಸಲ ಬಾಗಿಲು ತೆಗೆದವ್ರಿಗೂ ಒಳಗೆ ಹೋಗೋಕೆ ಸಿಕ್ತು ಅನ್ನೋದೊಂದು ಸಮಾಧಾನ.

ನಿಯಮಕ್ಕೆ ಕೈ ಹಾಕಿದವ್ರೆಲ್ಲ ಗೆಲ್ತಾರೆ ಅಂತ ಮಾತ್ರ ಅಂದ್ಕೋಬೇಡಿ. 2021ರಲ್ಲಿ ಲಿಥುವೇನಿಯಾದ ಅವಳಿ ಅಣ್ಣತಮ್ಮಂದಿರು ಬಂದ್ರು, ಇಂಗ್ಲೆಂಡಿಗೆ ಕರ್ಕೊಂಡು ಬಂದು ಜೀತಕ್ಕಿಟ್ಟಿದ್ರು ಅವ್ರನ್ನ. ಆದ್ರೆ ಅದಕ್ಕೂ ಮುಂಚೆ ಅವ್ರ ಊರಲ್ಲಿ ಕಳ್ಳತನಕ್ಕೆ ಶಿಕ್ಷೆ ಆಗಿತ್ತು, ಸ್ಕೀಮ್ ಪ್ರಕಾರ ಅಂಥ ಶಿಕ್ಷೆ ಆಗಿ, ಅದನ್ನ ಲೆಕ್ಕದಿಂದ ಬಿಡೋಕೆ ಕಾನೂನು ಹೇಳೋ ಅವಧಿ ಇನ್ನೂ ಮುಗಿದಿಲ್ದಿದ್ರೆ ಪರಿಹಾರ ಇಲ್ಲ. ಸುಪ್ರೀಂ ಕೋರ್ಟು ನಿಯಮ ಸರಿಯಾಗೇ ಇದೆ ಅಂತು. ಗರ್ಭದಲ್ಲಿದ್ದಾಗ ತಾಯಿ ವಿಪರೀತ ಕುಡಿದು ಹುಟ್ಟುತ್ತಲೇ ಹಾನಿಯಾದ ಮಗುವಿನ ಕೇಸು ಇನ್ನೊಂದು, ಅದ್ರಲ್ಲಿ ಟ್ರಿಬ್ಯುನಲ್ ಮಗು ಪರ ಹೇಳಿತ್ತು, ರಿವ್ಯೂಗೆ ಹೋಗಿದ್ದು ಪ್ರಾಧಿಕಾರ! ರಿವ್ಯೂ ಅಂದ್ರೆ ನೊಂದವ್ರ ಅಸ್ತ್ರ ಮಾತ್ರ ಅಂದ್ಕೊಂಡಿದ್ದೆ ನಾನು, ಎರಡೂ ಕಡೆ ಹರಿತ ಅದು. 2014ರಲ್ಲಿ ಕೋರ್ಟ್ ಆಫ್ ಅಪೀಲು, ಗರ್ಭದಲ್ಲಿರೋ ಕೂಸು 1861ರ ಆ ಕಾಯ್ದೆ ಹೇಳೋ 'ಇನ್ನೊಬ್ಬ ವ್ಯಕ್ತಿ' ಅಲ್ಲ, ಹಾಗಾಗಿ ಅಪರಾಧವೇ ಆಗಿಲ್ಲ ಅಂತು. ಇದು ನನಗೆ ಸರಿ ಅನ್ನಿಸ್ತು, ಮಗು ನೆನೆಸ್ಕೊಂಡ್ರೆ ಕರುಳು ಚುರುಕ್ ಅಂದ್ರೂ. ಇಲ್ದಿದ್ರೆ ಬಸುರಿ ಹೆಂಗಸರೆಲ್ಲ ಪೊಲೀಸ್ ಸ್ಟೇಷನ್ನಿಗೆ ಅಲೀಬೇಕಿತ್ತು.

ಇಷ್ಟು ಹೊತ್ತು ಕೇಳಿ ಮಾವ, "ನಮ್ಮಲ್ಲೇ ವಾಸಿ ಬಿಡು" ಅಂದ್ರು. ಒಂದು ಲೆಕ್ಕಕ್ಕೆ ಹೌದು, ಒಂದು ಲೆಕ್ಕಕ್ಕೆ ಅಲ್ಲ. ಅಪರಾಧದಲ್ಲಿ ನೊಂದವ್ರಿಗೆ ನಮ್ಮಲ್ಲಿ ಹಳೇ ದಂಡ ಪ್ರಕ್ರಿಯಾ ಸಂಹಿತೇಲಿ 357ಎ ಸೆಕ್ಷನ್ ಬಂದಿದ್ದೇ 2009ರ ಕೊನೇಲಿ, ಕರ್ನಾಟಕದ ಸ್ಕೀಮ್ 2011ರದ್ದು, ಈಗ ಹೊಸ ಸಂಹಿತೇಲಿ ಅದು 396. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ, ಒಪ್ಪಿಗೆ ಆಗ್ದಿದ್ರೆ ರಾಜ್ಯ ಪ್ರಾಧಿಕಾರಕ್ಕೆ ಅಪೀಲು, ಅದ್ರ ಮೇಲೆ ಇಲ್ಲಿನ ಥರಾನೇ ಹೈಕೋರ್ಟಿಗೆ ರಿಟ್ಟು. ಜನಕ್ಕೆ ಆಕ್ಸಿಡೆಂಟ್ ಕ್ಲೇಮ್ ಗೊತ್ತಿರೋಷ್ಟು ಇದು ಗೊತ್ತಿಲ್ಲ, ಗೊತ್ತಿರೋ ಲಾಯರ್‌ಗಳೂ ಕಮ್ಮಿ. ಆದ್ರೆ ನಮ್ಮ ರಿಟ್ಟಿಗೂ ಇಲ್ಲಿನ ರಿವ್ಯೂಗೂ ಮೈಕಟ್ಟು ಬೇರೆ. 1993ರಲ್ಲಿ ಒಡಿಶಾದ ಒಬ್ಬ ತಾಯಿ, ಮಗ ಪೊಲೀಸ್ ಕಸ್ಟಡೀಲಿ ಸತ್ತ ಅಂತ ಬರೆದ ಕಾಗದವನ್ನೇ ನಮ್ಮ ಸುಪ್ರೀಂ ಕೋರ್ಟು ರಿಟ್ ಅರ್ಜಿ ಅಂತ ತಗೊಂಡು ನೇರವಾಗಿ ಒಂದೂವರೆ ಲಕ್ಷ ಕೊಡಿ ಅಂತು. ಇಲ್ಲಿನ ಜಡ್ಜ್‌ಗಳು ಅದನ್ನ ಓದಿದ್ರೆ ಕನ್ನಡಕ ಒರೆಸ್ಕೋತಾರೆ. ಅಪ್ಪರ್ ಟ್ರಿಬ್ಯುನಲ್ ಕೂಡ ತಾನೇ ತೀರ್ಮಾನ ಬದಲಿಸಿ ಬರೀಬಹುದು, ಆದ್ರೆ ಕಾನೂನಿನ ತಪ್ಪು ಸಿಕ್ಕಿ, ಆ ತಪ್ಪು ತೆಗೆದ್ರೆ ಉಳಿಯೋದು ಒಂದೇ ಒಂದು ತೀರ್ಮಾನ ಅನ್ನೋ ಹಾಗಿದ್ರೆ ಮಾತ್ರ. ನನಗೆ ಎರಡೂ ಪೂರ್ತಿ ಹಿಡಿಸಲ್ಲ. ಎಲ್ಲವನ್ನೂ ಮೇಲೆ ತಗೊಂಡು ಹೋಗಿ ಲೆಕ್ಕ ಮಾಡ್ಸಿದ್ರೆ ಕೆಳಗಿನವ್ರು ಯಾಕೆ ಮೈಬಗ್ಗಿಸಿ ಕೆಲಸ ಮಾಡ್ತಾರೆ, ಎಂಎಫ್‌ಎ ಗುಡ್ಡೆ ನೋಡಿದವ್ರಿಗೆ ಗೊತ್ತು ಅದು. ಆದ್ರೆ ಮುಖದ ತುಂಬ ಗಾಯ ಇಟ್ಕೊಂಡು ಎದುರಿಗೆ ಕೂತವ್ರಿಗೆ "ನಿಮ್ಮ ದುಃಖದಲ್ಲಿ ಕಾನೂನಿನ ತಪ್ಪಿಲ್ಲ ಸರ್" ಅಂತ ಹೇಳೋದೂ ಅಷ್ಟು ಸುಲಭ ಅಲ್ಲ, ಗುರುವಾರ ಮನೆಗೆ ಬಂದು ಊಟ ಸೇರ್ಲಿಲ್ಲ ನನಗೆ.

ಫೋನ್ ಇಡೋ ಹೊತ್ತಿಗೆ ಮಾವ ಮತ್ತೆ, "ಅಲ್ಲಾ ಪುಟ್ಟಿ, ಆ ಉಪ್ಪಿನ ಲಾರಿಯವನಿಗೆ ಕೊನೆಗೂ ಆ ಸ್ಕೀಮಲ್ಲಿ ಏನೂ ಸಿಗಲೇ ಇಲ್ವಾ?" ಅಂದ್ರು.

"ಇಲ್ಲ ಮಾವ, ಸುಪ್ರೀಂ ಕೋರ್ಟಲ್ಲೇ ಹೋಯ್ತಲ್ಲ."

ಸ್ವಲ್ಪ ಹೊತ್ತು ಸುಮ್ನಿದ್ರು. ಹಿಂದೆ ಅತ್ತೆ ಕುಕ್ಕರ್ ಕೂಗಿಸ್ತಿದ್ದ ಸದ್ದು. ಆಮೇಲೆ, "ಆ ದೊಡ್ಡ ಟ್ರಕ್ಕಿಗೆ ಇನ್ಶೂರೆನ್ಸ್ ಇತ್ತೋ ಇಲ್ವೋ? ಡ್ರೈವರ್ ತಪ್ಪಿರ್ಲಿ ಬಿಡ್ಲಿ, ನಮ್ಮಲ್ಲಾಗಿದ್ರೆ ಆಗ ಇದ್ದ 163ಎ ಸೆಕ್ಷನ್ ಕೆಳಗೆ ಕ್ಲೇಮ್ ಹಾಕಿ ಇಷ್ಟೊತ್ತಿಗೆ ಚೆಕ್ ಬಂದಿರೋದು" ಅಂದ್ರು.